ನಾಲ್ಕು ತಂತಿ, ಹತ್ತು ಹನ್ನೆರಡರ ಕೋಣೆ: ದಕ್ಷಿಣ ಬೆಂಗಳೂರಿನಲ್ಲಿ ಬೇಸ್ ಗಿಟಾರ್

ಜಯನಗರದಲ್ಲಾಗಲಿ ಬಿಟಿಎಂ ಲೇಔಟ್‌ನಲ್ಲಾಗಲಿ ಬೇಸ್ ಗಿಟಾರ್ ಕೊಳ್ಳಲು ಹೊರಟವರಿಗೆ ಮೊದಲು ಸಿಗುವ ಸಲಹೆ ಕಂಪನಿಯ ಹೆಸರು. ಆಮೇಲೆ ಮರದ ಜಾತಿ, ಅದಾದ ಮೇಲೆ ಆಂಪ್ಲಿಫೈಯರ್ ಎಷ್ಟು ವಾಟ್ ಎಂಬ ಲೆಕ್ಕ. ಕೊಳ್ಳುವವರ ಅಂಗೈ ಎಷ್ಟು ಅಗಲ, ಮನೆಯಲ್ಲಿ ನುಡಿಸುವ ಕೋಣೆ ಎಷ್ಟು ದೊಡ್ಡದು, ಗೋಡೆಯ ಪ್ಲಗ್ಗಿಗೆ ಅರ್ಥಿಂಗ್ ಇದೆಯೇ, ವಾದ್ಯವನ್ನು ಸ್ಕೂಟರಿನಲ್ಲಿ ಒಯ್ಯಬೇಕೋ ಮೆಟ್ರೋದಲ್ಲೋ ಎಂದು ಕೇಳುವವರು ಅಪರೂಪ. ಇಲ್ಲಿನ ಮನೆಗಳಲ್ಲಿ, ಇಲ್ಲಿನ ವೇದಿಕೆಗಳಲ್ಲಿ ಬೇಸ್ ಚೆನ್ನಾಗಿ ಕೇಳಿಸುವುದೂ ಕೆಟ್ಟು ಕೇಳಿಸುವುದೂ ಬಹುಮಟ್ಟಿಗೆ ಯಾರೂ ಕೇಳದ ಈ ಪ್ರಶ್ನೆಗಳ ಮೇಲೆಯೇ ನಿಂತಿದೆ ಎಂಬುದು ನನ್ನ ಖಚಿತ ಅಭಿಪ್ರಾಯ. ನೆಕ್‌ನಿಂದ ಹಿಡಿದು ಸ್ಪೀಕರಿನವರೆಗೆ ಎಲ್ಲವನ್ನೂ ಇಲ್ಲಿ ಆ ಕಣ್ಣಿನಿಂದಲೇ ನೋಡಿದ್ದೇನೆ.

ವಾದ್ಯಕ್ಕೆ ವಯಸ್ಸು ಹೆಚ್ಚಿಲ್ಲ. ಅಮೆರಿಕದ ಲಿಯೋ ಫೆಂಡರ್ ಪ್ರಿಸಿಷನ್ ಬೇಸನ್ನು ಮಾರುಕಟ್ಟೆಗೆ ತಂದದ್ದು 1951ರಲ್ಲಿ. ಅದಕ್ಕೂ ಮೊದಲು ವಾದ್ಯವೃಂದದ ಮಂದ್ರವನ್ನು ಹೊತ್ತಿದ್ದುದು ಆಳೆತ್ತರದ ಡಬಲ್ ಬೇಸ್. ಅದಕ್ಕೆ ಫ್ರೆಟ್ ಇರಲಿಲ್ಲ, ಹೊತ್ತು ತಿರುಗುವುದು ಕಷ್ಟ, ಡ್ರಮ್ಸ್ ಪಕ್ಕದಲ್ಲಿ ದನಿಯೂ ಸಾಲುತ್ತಿರಲಿಲ್ಲ. ಫೆಂಡರ್ ಫ್ರೆಟ್ ಹಾಕಿದರು, ತಂತಿಯ ಉದ್ದವನ್ನು 34 ಇಂಚಿಗೆ ಇಳಿಸಿದರು, ಪಿಕಪ್ ಇಟ್ಟರು. 1960ರಲ್ಲಿ ತೆಳು ನೆಕ್‌ನ ಜಾಝ್ ಬೇಸ್ ಬಂತು. ಇಂದು ಅಂಗಡಿಯಲ್ಲಿ ತೂಗುಹಾಕಿರುವ ಬೇಸ್‌ಗಳಲ್ಲಿ ಬಹುಪಾಲು ಈ ಎರಡರಲ್ಲಿ ಒಂದರ ಮಕ್ಕಳು ಮೊಮ್ಮಕ್ಕಳು.

ಕನ್ನಡದ ಕಿವಿಗೆ ಬೇಸ್ ರೂಢಿಯಾದದ್ದು ರಾಕ್ ಸಂಗೀತದಿಂದಲ್ಲ, ಸಿನಿಮಾ ಹಾಡುಗಳಿಂದ. ಇಳಯರಾಜಾ ಸಂಗೀತದ ‘ಗೀತಾ’ (1981) ಮತ್ತು ‘ಪಲ್ಲವಿ ಅನುಪಲ್ಲವಿ’ (1983) ಹಾಡುಗಳನ್ನು ಇವತ್ತು ಒಳ್ಳೆಯ ಹೆಡ್‌ಫೋನಿನಲ್ಲಿ ಕೇಳಿ ನೋಡಿ. ಬೇಸ್ ಅಲ್ಲಿ ತಾಳ ಹಿಡಿದು ಸುಮ್ಮನೆ ಹಿಂದೆ ನಡೆಯುವುದಿಲ್ಲ, ಗಾಯಕರ ಜೊತೆ ಮಾತಾಡುತ್ತದೆ. 1987ರ ‘ಪ್ರೇಮಲೋಕ’ದಲ್ಲಿ ಹಂಸಲೇಖ ಕೆಳಸ್ವರಗಳಿಗೆ ಕುಣಿತ ಕಲಿಸಿದರು. ನಂತರದ ತಲೆಮಾರಿಗೆ ನಗರದ ಬ್ಯಾಂಡುಗಳು ಸಿಕ್ಕವು. 1996ರಲ್ಲಿ ಶುರುವಾದ ಥರ್ಮಲ್ ಅಂಡ್ ಎ ಕ್ವಾರ್ಟರ್‌ನಲ್ಲಿ ರ್‍ಯೂಡ್ ಡೇವಿಡ್, ಸ್ವರಾತ್ಮದಲ್ಲಿ ಜಿಷ್ಣು ದಾಸ್‌ಗುಪ್ತ, ರಘು ದೀಕ್ಷಿತ್ ಪ್ರಾಜೆಕ್ಟ್‌ನಲ್ಲಿ ಗೌರವ್ ವಾಜ್ ಬೇಸ್ ಹಿಡಿದವರು. ಶಿಶುನಾಳ ಷರೀಫರ ಪದಗಳು ಬೇಸ್ ಗಿಟಾರಿನ ಮೇಲೆ ಎಷ್ಟು ಸಹಜವಾಗಿ ಕೂರುತ್ತವೆ ಎಂಬುದು 2008ರಲ್ಲಿ ಬಂದ ರಘು ದೀಕ್ಷಿತ್ ಆಲ್ಬಮ್ಮಿನಿಂದ ಊರಿಗೆಲ್ಲ ಗೊತ್ತಾಯಿತು. ಅರಮನೆ ಮೈದಾನಕ್ಕೆ 2002ರಲ್ಲಿ ರೋಜರ್ ವಾಟರ್ಸ್, 2007ರ ಮಾರ್ಚ್ 17ರಂದು ಐರನ್ ಮೇಡನ್‌ನ ಸ್ಟೀವ್ ಹ್ಯಾರಿಸ್ ಬಂದರು. ಇಬ್ಬರೂ ಬೇಸ್ ನುಡಿಸುತ್ತಲೇ ತಂತಮ್ಮ ತಂಡದ ಹಾಡುಗಳನ್ನು ಕಟ್ಟಿದವರು. ಆ ರಾತ್ರಿಗಳ ನಂತರ ಬೇಸ್ ಎಂದರೆ ಗಿಟಾರ್ ಬರದವನ ಪಾಲಿನ ವಾದ್ಯ ಎನ್ನುವ ಮಾತು ಇಲ್ಲಿ ಸವೆಯುತ್ತ ಬಂತು.

ಈಗ ನೆಕ್ ವಿಷಯ. ತಂತಿ ಒತ್ತುವ ಕೈಗೆ ಮೂರು ಅಳತೆ ಮುಖ್ಯ: ತಂತಿಯ ಉದ್ದ, ನಟ್ (ನೆಕ್ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ) ಬಳಿಯ ಅಗಲ, ಹಿಂಬದಿಯ ದಪ್ಪ. ಉದ್ದವನ್ನು ಮೊದಲು ನೋಡೋಣ. 34 ಇಂಚಿನ ಬೇಸ್‌ನಲ್ಲಿ ನಟ್‌ನಿಂದ ಮೊದಲ ಫ್ರೆಟ್‌ಗೆ 48 ಮಿಲಿಮೀಟರ್ ಮೀರಿದ ದೂರ. ನಾಲ್ಕನೆಯ ಫ್ರೆಟ್‌ಗೆ ಹೋಗುವಷ್ಟರಲ್ಲಿ ಸುಮಾರು 178 ಮಿಲಿಮೀಟರ್. 30 ಇಂಚಿನ ಶಾರ್ಟ್ ಸ್ಕೇಲ್ ಬೇಸ್‌ನಲ್ಲಿ ಇದೇ ದೂರ 157ಕ್ಕೆ ಇಳಿಯುತ್ತದೆ. ಎರಡು ಸೆಂಟಿಮೀಟರ್ ಎಂದರೆ ಕಾಗದದ ಮೇಲೆ ಅಲ್ಪ. ಕೆಳಗಿನ ಫ್ರೆಟ್‌ಗಳಲ್ಲಿ ಬೆರಳಿಗೊಂದು ಫ್ರೆಟ್‌ನಂತೆ ಕೈ ಹರಡಿಕೊಂಡು ಅರ್ಧ ಗಂಟೆ ಅಭ್ಯಾಸ ಮಾಡಿದ ಹದಿಮೂರರ ಹುಡುಗಿಯ ಮಣಿಕಟ್ಟಿಗೆ ಅದು ಅಲ್ಪವಲ್ಲ. ಪಾಲ್ ಮೆಕಾರ್ಟ್ನಿ 1961ರಿಂದ ನುಡಿಸಿದ ಹಾಫ್ನರ್ ಪಿಟೀಲು ಆಕಾರದ ಬೇಸ್ 30 ಇಂಚಿನದೇ. ಹಾಗಿದ್ದೂ ನಮ್ಮಲ್ಲಿ ಶಾರ್ಟ್ ಸ್ಕೇಲನ್ನು ಮಕ್ಕಳಾಟಿಕೆಯಂತೆ ನೋಡುತ್ತಾರೆ. ಇದು ತಪ್ಪು. ಸಣ್ಣ ಕೈಯವರು, ಬೆರಳಿನ ಕೀಲುನೋವು ಇರುವವರು, ಐವತ್ತು ದಾಟಿದ ಮೇಲೆ ಕಲಿಯಲು ಕೂತವರು ಯಾವ ಸಂಕೋಚವೂ ಇಲ್ಲದೆ ಶಾರ್ಟ್ ಸ್ಕೇಲ್ ಕೇಳಿ ಪಡೆಯಬೇಕು.

ನಟ್ ಅಗಲದಲ್ಲಿ ಜಾಝ್ ಬೇಸ್ ಸಂಪ್ರದಾಯದ್ದು ಸುಮಾರು 38 ಮಿಲಿಮೀಟರ್, ಈಗಿನ ಪ್ರಿಸಿಷನ್‌ಗಳದು 41ರ ಆಸುಪಾಸು, ಹಳೆಯ ಪ್ರಿಸಿಷನ್‌ಗಳದು 44ಕ್ಕೂ ಮೇಲೆ. ಗಿಟಾರಿನಿಂದ ಬೇಸ್‌ಗೆ ಬಂದವರಿಗೆ 38 ಹಿತ. ಹೆಬ್ಬೆರಳನ್ನು ನೆಕ್‌ನ ಹಿಂದೆ ಊರಿ, ಅಂಗೈ ಬಿಡಿಸಿಟ್ಟುಕೊಂಡು ನುಡಿಸುವ ರೂಢಿ ಇರುವವರಿಗೆ 41 ಹೆಚ್ಚು ನೆಮ್ಮದಿ. ಇದರಲ್ಲಿ ಮೇಲು ಕೀಳು ಇಲ್ಲ. ಅಂಗಡಿಯಲ್ಲಿ ಎರಡನ್ನೂ ಹತ್ತತ್ತು ನಿಮಿಷ ಹಿಡಿದು ನೋಡದೆ ಮಾತ್ರ ಹಣ ಕೊಡಬಾರದು.

ತಂತಿ ಮೀಟುವ ಕೈಯ ವಿಷಯವನ್ನು ಜನ ಇನ್ನೂ ಕಡಿಮೆ ಮಾತಾಡುತ್ತಾರೆ. ನಾಲ್ಕು ತಂತಿಯ ಬೇಸ್‌ಗಳಲ್ಲಿ ಬ್ರಿಜ್ ಬಳಿ ತಂತಿಯಿಂದ ತಂತಿಗೆ ಸಾಮಾನ್ಯವಾಗಿ 19 ಮಿಲಿಮೀಟರ್ ಅಂತರ. ಐಬನೆಝ್ ಎಸ್‌ಆರ್ ಸರಣಿಯ ಐದು ತಂತಿಯ ಬೇಸ್‌ಗಳಲ್ಲಿ ಅದು 16.5. ಈ ಅಳತೆ ತಂತಿಯ ನಡುವಿನಿಂದ ನಡುವಿಗೆ ಹಿಡಿದದ್ದು, ಹಾಗಾಗಿ ಬೆರಳಿಗೆ ನಿಜಕ್ಕೂ ಸಿಗುವ ಜಾಗ ಇನ್ನೂ ಕಡಿಮೆ. 0.105 ಇಂಚಿನ ಇ ತಂತಿ ಎಂದರೆ 2.7 ಮಿಲಿಮೀಟರ್ ದಪ್ಪ, ಪಕ್ಕದ ಎ ತಂತಿ 2.2. ಎರಡರ ಅರ್ಧರ್ಧ ಕಳೆದರೆ 19ರಲ್ಲಿ ಉಳಿಯುವುದು ಹದಿನಾರೂವರೆ. ಐದು ತಂತಿಯದರಲ್ಲಿ 0.130ರ ಬಿ ತಂತಿಗೂ ಇ ತಂತಿಗೂ ನಡುವೆ ಇದೇ ಲೆಕ್ಕ ಹಾಕಿದರೆ ಹದಿಮೂರೂವರೆ. ತೋರುಬೆರಳಿನ ತುದಿ ದಪ್ಪ ಇದ್ದವರಿಗೆ ಆ ಸಂದಿನಲ್ಲಿ ಪಕ್ಕದ ತಂತಿ ತಾಗುತ್ತಲೇ ಇರುತ್ತದೆ. ಹೆಬ್ಬೆರಳಿನಿಂದ ಹೊಡೆದು ತೋರುಬೆರಳಿನಿಂದ ತಂತಿ ಕೀಳುವ ಸ್ಲ್ಯಾಪ್ ಶೈಲಿಗೆ ಅಗಲವೇ ಬೇಕು. ವೇಗವಾಗಿ ತಂತಿ ದಾಟುತ್ತ ನುಡಿಸುವವರಿಗೆ, ಚಿಕ್ಕ ಕೈಯವರಿಗೆ ಕಿರಿದೇ ವರ. ಮ್ಯೂಸಿಕ್ ಮ್ಯಾನ್‌ನ ಐದು ತಂತಿಯ ಸ್ಟಿಂಗ್‌ರೇ ಹದಿನೇಳೂವರೆಯಲ್ಲಿ ನಿಂತು ಇಬ್ಬರನ್ನೂ ಒಂದಿಷ್ಟು ಸಮಾಧಾನಪಡಿಸುತ್ತದೆ, ಆದರೆ ಅದರ ಬೆಲೆ ಎಲ್ಲರ ಕೈಗೆ ಎಟುಕುವಂಥದ್ದಲ್ಲ. ಕೊಳ್ಳಲು ಹೋಗುವಾಗ ಜೇಬಿನಲ್ಲಿ ಒಂದು ಸ್ಟೀಲ್ ಸ್ಕೇಲ್ ಇರಲಿ. ಮೊದಲ ತಂತಿಯಿಂದ ಕೊನೆಯ ತಂತಿಗೆ ಅಳೆದು, ನಾಲ್ಕು ತಂತಿಯಾದರೆ ಮೂರರಿಂದ, ಐದಾದರೆ ನಾಲ್ಕರಿಂದ ಭಾಗಿಸಿದರೆ ಅಂತರ ಸಿಕ್ಕಿತು.

ಐದನೆಯ ತಂತಿ ಬೇಕೇ? ಕೆಳಗಿನ ಬಿ ಸ್ವರದ ಕಂಪನ ಸೆಕೆಂಡಿಗೆ 31ರಷ್ಟು. ಹತ್ತು ಇಂಚಿನ ಒಂಟಿ ಸ್ಪೀಕರಿನ ಕಾಂಬೋದಿಂದ (ಆಂಪ್, ಸ್ಪೀಕರ್ ಒಂದೇ ಪೆಟ್ಟಿಗೆಯಲ್ಲಿರುವುದು) ಅದನ್ನು ನಿಜವಾಗಿ ಹೊರಡಿಸಲಾಗದು, 34 ಇಂಚಿನ ಅಗ್ಗದ ಬೇಸ್‌ಗಳಲ್ಲಿ ಆ ತಂತಿ ಬಿಗಿ ಸಾಲದೆ ಜೋಲುವುದೂ ಉಂಟು. ಹಾಡುಗಾರರ ಶ್ರುತಿ ದಿನಕ್ಕೊಂದಾಗುವ ಆರ್ಕೆಸ್ಟ್ರಾದವರಿಗೆ ಐದು ತಂತಿ ಅನುಕೂಲ, ಒಪ್ಪುತ್ತೇನೆ. ಕಲಿಯುವವರಿಗೆ ನಾಲ್ಕು ಸಾಕು.

ಇನ್ನು ಫ್ರೆಟ್‌ಲೆಸ್. ಜಾಕೋ ಪಾಸ್ಟೋರಿಯಸ್ 1962ರ ಜಾಝ್ ಬೇಸ್‌ನ ಫ್ರೆಟ್ ಕಿತ್ತು ನುಡಿಸಿದ್ದು ಜಗತ್ತಿಗೇ ಗೊತ್ತಿರುವ ಕಥೆ. ನಮಗೆ ಅದು ಇನ್ನೊಂದು ಕಾರಣಕ್ಕೆ ಹತ್ತಿರ. ಈ ಬಡಾವಣೆಗಳಲ್ಲಿ ವೀಣೆ ಕಲಿತು ಆಮೇಲೆ ಬೇಸ್ ಹಿಡಿಯುವವರಿದ್ದಾರೆ. ವೀಣೆಯಲ್ಲೂ ಸ್ವರ ನುಡಿಸುವ ತಂತಿ ನಾಲ್ಕೇ, ಕೊನೆಯದು ಅನುಮಂದ್ರ. ಆದರೆ ವೀಣೆಯ ತಂತಿಯನ್ನು ಪಕ್ಕಕ್ಕೆಳೆದು ಗಮಕ ತೆಗೆಯುವಷ್ಟು ಸಲೀಸಾಗಿ ಬೇಸ್‌ನ ತಂತಿಯನ್ನು ಎಳೆಯಲಾಗದು. ಒಂದೊಂದು ತಂತಿಯ ಬಿಗಿತವೇ ಹದಿನಾರು ಹದಿನೆಂಟು ಕಿಲೋ. ಫ್ರೆಟ್ ಇಲ್ಲದ ಬೇಸ್‌ನಲ್ಲಿ ಎಳೆಯಬೇಕಿಲ್ಲ, ಜಾರಿದರೆ ಸಾಕು. ತೋಡಿಯ ಗಾಂಧಾರವನ್ನು ಫ್ರೆಟ್‌ನ ಮೇಲೆ ಹುಡುಕಿ ಸೋತವರು ಒಮ್ಮೆ ಫ್ರೆಟ್‌ಲೆಸ್ ಹಿಡಿಯಲಿ.

ಮರದ ಮಾತಿಗೆ ಬರೋಣ, ಏಕೆಂದರೆ ಇದು ಕರ್ನಾಟಕದ ಮಾತೂ ಹೌದು. ಗಿಟಾರ್ ಲೋಕದಲ್ಲಿ ‘ಈಸ್ಟ್ ಇಂಡಿಯನ್ ರೋಸ್‌ವುಡ್’ ಎಂದು ಹೆಸರಾದದ್ದು ನಮ್ಮ ಬೀಟೆ. ಮೈಸೂರಿನ ಕೆತ್ತನೆ ಪೀಠೋಪಕರಣಗಳಲ್ಲಿ, ಮಲೆನಾಡಿನ ಹಳೆಯ ಮನೆಗಳ ಬಾಗಿಲಲ್ಲಿ ಕಾಣುವ, ಪಶ್ಚಿಮಘಟ್ಟದ ಅದೇ ಕಪ್ಪುಗೆಂಪು ಮರ. ಬ್ರೆಜಿಲ್‌ನ ರೋಸ್‌ವುಡ್ ಸಿಗುವುದು ದುರ್ಲಭವಾದಂತೆ, 1960ರ ದಶಕದಲ್ಲಿ ಅಮೆರಿಕದ ಗಿಟಾರ್ ತಯಾರಕರು ಭಾರತದ ಬೀಟೆಗೆ ತಿರುಗಿದರು. ಬ್ರೆಜಿಲ್ ಮರದ ಅಂತರರಾಷ್ಟ್ರೀಯ ವ್ಯಾಪಾರ 1992ರಲ್ಲಿ ನಿಷೇಧದ ಪಟ್ಟಿ ಸೇರಿತು. 2017ರ ಜನವರಿ 2ರಿಂದ ಬೀಟೆಯ ಕುಲದ ಎಲ್ಲ ಮರಗಳ ವ್ಯಾಪಾರಕ್ಕೂ ಸೈಟಿಸ್ ಒಪ್ಪಂದದಡಿ ಅನುಮತಿ ಪತ್ರ ಕಡ್ಡಾಯವಾಯಿತು. ವಾದ್ಯ ತಯಾರಕರು ಗಲಿಬಿಲಿಗೊಂಡು ಬೇರೆ ಮರ ಹುಡುಕಿದರು: ಪಾವ್ ಫೆರೋ, ಜಟೋಬಾ, ಹುರಿದ ಮೇಪಲ್. ಸ್ಕ್ವಯರ್ ಕಂಪನಿ ‘ಇಂಡಿಯನ್ ಲಾರೆಲ್’ ಹಾಕತೊಡಗಿತು. ಹೆಸರು ಕೇಳಿ ಯಾವುದೋ ಹೊಸ ಮರ ಎಂದುಕೊಳ್ಳಬೇಡಿ, ಅದು ನಮ್ಮ ಕಾಡಿನ ಮತ್ತಿ. ಸಿದ್ಧವಾದ ವಾದ್ಯಗಳಿಗೆ 2019ರ ನವೆಂಬರ್‌ನಲ್ಲಿ ವಿನಾಯಿತಿ ಸಿಕ್ಕಿ ಬೀಟೆ ಮರಳಿತು, ಮತ್ತಿಯೂ ಉಳಿದುಕೊಂಡಿತು.

ನಮ್ಮ ಅಂಗಡಿಗಳಲ್ಲಿ ಮತ್ತಿಯ ಫಿಂಗರ್‌ಬೋರ್ಡ್ ಇರುವ ಬೇಸನ್ನು ಕೊಂಚ ಕೀಳಾಗಿ ನೋಡುವ ಚಾಳಿ ಇದೆ. ಬಣ್ಣ ತುಸು ಪೇಲವ, ಮರದ ಎಳೆ ಒರಟು ಎನ್ನುವುದು ನಿಜ. ಆದರೆ ಸಾಮಾನ್ಯವಾಗಿ ಬೇಸ್‌ನ ದೇಹ ಗಟ್ಟಿ ಮರದ್ದು, ಒಳಗೆ ಪೊಳ್ಳು ಇಲ್ಲ. ಸದ್ದನ್ನು ಎತ್ತಿಕೊಳ್ಳುವುದು ಪಿಕಪ್‌ನ ಆಯಸ್ಕಾಂತ, ಅದೂ ತಂತಿಯ ಅಲುಗಾಟದಿಂದ. ತಂತಿ, ಪಿಕಪ್, ಬೆರಳು ಮೀಟುವ ಜಾಗ ಇವು ತರುವ ವ್ಯತ್ಯಾಸದ ಮುಂದೆ ಬೀಟೆಗೂ ಮತ್ತಿಗೂ ನಡುವಿನದು ಗಣನೆಗೆ ಬಾರದು. ಬೆಳೆಯಲು ದಶಕಗಳೇ ಹಿಡಿಯುವ ಬೀಟೆಯನ್ನು ಕಾಡಿನಲ್ಲಿ ಬಿಟ್ಟು ಮತ್ತಿಯ ಮೇಲೆ ಬೆರಳಾಡಿಸುವುದರಲ್ಲಿ ನನಗಂತೂ ಸಂತೋಷವಿದೆ.

ಮರದ ಜಾತಿಗಿಂತ ಹೆಚ್ಚು ಕಾಡುವುದು ಹವೆ. ಬೆಂಗಳೂರಿನ ಹವೆ ಹಿತವೆಂದು ಹೆಸರಾಗಿದ್ದರೂ ಮಾರ್ಚ್ ಮಧ್ಯಾಹ್ನದ ಒಣಗಾಳಿಗೂ ಆಗಸ್ಟ್‌ನ ಜಿಟಿಜಿಟಿ ತೇವಕ್ಕೂ ಅಜಗಜಾಂತರ. ನಾಲ್ಕು ತಂತಿಗಳು ಒಟ್ಟಾಗಿ ಎಪ್ಪತ್ತು ಕಿಲೋ ಬಲದಿಂದ ಎಳೆಯುತ್ತಿರುವ ನೆಕ್, ತೇವ ಹೀರಿ ಬಿಟ್ಟಂತೆಲ್ಲ ತನ್ನ ಬಾಗನ್ನು ಬದಲಿಸುತ್ತದೆ. ಬೇಸಿಗೆಯಲ್ಲಿ ಮರ ಕುಗ್ಗಿ ಫ್ರೆಟ್‌ಗಳ ತುದಿ ಅಂಗೈಗೆ ಚುಚ್ಚುವುದೂ ಉಂಟು. ಪರೀಕ್ಷೆ ಸುಲಭ. ಇ ತಂತಿಯನ್ನು ಮೊದಲ ಫ್ರೆಟ್‌ನಲ್ಲಿ ಒಂದು ಕೈಯಿಂದ, ದೇಹಕ್ಕೆ ನೆಕ್ ಸೇರುವಲ್ಲಿ ಇನ್ನೊಂದು ಕೈಯಿಂದ ಒತ್ತಿ ಹಿಡಿಯಿರಿ. ಏಳನೆಯ ಎಂಟನೆಯ ಫ್ರೆಟ್ ಬಳಿ ತಂತಿಯ ಕೆಳಗೆ ಒಂದು ವಿಸಿಟಿಂಗ್ ಕಾರ್ಡ್ ನುಸುಳುವಷ್ಟು, ಎಂದರೆ 0.3 ಮಿಲಿಮೀಟರಿನಷ್ಟು ಸಂದು ಇದ್ದರೆ ನೆಕ್ ಸರಿಯಾಗಿದೆ. ಸಂದು ದೊಡ್ಡದಾಗಿದ್ದರೆ ಅಥವಾ ಇಲ್ಲವೇ ಇಲ್ಲವಾದರೆ ಒಳಗಿನ ಟ್ರಸ್ ರಾಡನ್ನು ಕಾಲು ಸುತ್ತು ತಿರುಗಿಸಿ, ಒಂದು ದಿನ ಬಿಟ್ಟು ಮತ್ತೆ ನೋಡಬೇಕು. ಬಲವಂತ ಕೂಡದು. ವರ್ಷಕ್ಕೆರಡು ಸಲ, ಬೇಸಿಗೆ ಹಿಡಿದಾಗ ಒಮ್ಮೆ, ಮಳೆ ಹಿಡಿದಾಗ ಒಮ್ಮೆ ಸೆಟಪ್ ಮಾಡಿಸಿದ ಅಗ್ಗದ ಬೇಸ್, ಪೆಟ್ಟಿಗೆಯಿಂದ ತೆಗೆದು ಹಾಗೇ ನುಡಿಸುವ ದುಬಾರಿ ಬೇಸ್‌ಗಿಂತ ಕೈಗೂ ಕಿವಿಗೂ ಮೇಲು. ಇದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ತಂತಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ನುಣುಪಾದ ಫ್ಲಾಟ್‌ವೌಂಡ್ ದುಂಡು ದನಿಯದು, ವರ್ಷಗಟ್ಟಲೆ ಬಾಳುತ್ತದೆ. ಮೋಟೌನ್‌ನ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ತಂತಿ ಬದಲಿಸುತ್ತಲೇ ಇರಲಿಲ್ಲ ಎಂಬುದು ಪ್ರಸಿದ್ಧ. 1966ರಲ್ಲಿ ಬೇಸ್ ವಾದಕ ಜಾನ್ ಎಂಟ್ವಿಸಲ್ ಜೊತೆಗೂಡಿ ರೋಟೋಸೌಂಡ್ ಕಂಪನಿ ರೂಪಿಸಿದ ರೌಂಡ್‌ವೌಂಡ್ ಠಣ್ಣನೆ ಮೊಳಗುತ್ತದೆ, ಬೆವರಿಗೆ ಬೇಗ ಮಂಕಾಗುತ್ತದೆ. ಹಳೆಯ ಸಿನಿಮಾ ಹಾಡು ನುಡಿಸುವವರು ಫ್ಲಾಟ್‌ವೌಂಡ್ ಹಾಕಿ ನೋಡಲಿ. ಹುಡುಕುತ್ತಿದ್ದ ದನಿ ಪೆಡಲ್‌ನಲ್ಲಿಲ್ಲ, ಅಲ್ಲಿದೆ.

ಇಲ್ಲಿಂದ ಮುಂದೆ ವಾದ್ಯ ಬಿಟ್ಟು ಮನೆ ಹೊಗಬೇಕು. ಮೊದಲಿಗೆ ಕರೆಂಟು. ನಮ್ಮ ವಿದ್ಯುತ್ತಿನ ಆವರ್ತನ 50 ಹರ್ಟ್ಸ್. ಬೇಸ್‌ನ ಇ ತಂತಿಯ ಮೂರನೆಯ ಫ್ರೆಟ್‌ನಲ್ಲಿ ಸಿಗುವ ಜಿ ಸ್ವರ 49 ಹರ್ಟ್ಸ್. ಅರ್ಥಿಂಗ್ ಸರಿಯಿಲ್ಲದ ಹಳೆಯ ಮನೆಯಲ್ಲಿ ಪಿಕಪ್ ಹಿಡಿದುಕೊಳ್ಳುವ ಗುಂಯ್ ಸದ್ದು ಸರಿಯಾಗಿ ಆ ಸ್ವರದ ಮಗ್ಗುಲಲ್ಲೇ ಬಂದು ಕೂರುತ್ತದೆ. ಎರಡೂ ಸೇರಿ ಸೆಕೆಂಡಿಗೊಮ್ಮೆ ಏರಿಳಿಯುತ್ತ ಜಿ ಸ್ವರ ಕದಡಿಹೋಗುತ್ತದೆ. ವಾದ್ಯ ಶ್ರುತಿ ತಪ್ಪಿದೆ ಎಂದುಕೊಂಡು ಬಿರಡೆ ತಿರುಗಿಸುವವರು ಇದ್ದಾರೆ. ಪ್ರಿಸಿಷನ್‌ನ ಇಬ್ಭಾಗವಾದ ಪಿಕಪ್ 1957ರಿಂದಲೇ ಈ ಗುಂಯ್ ಅನ್ನು ತಾನೇ ಕಳೆದುಹಾಕುವಂತೆ ರಚಿತವಾದದ್ದು. ಜಾಝ್ ಬೇಸ್‌ನಲ್ಲಿ ಎರಡೂ ಪಿಕಪ್‌ಗಳ ವಾಲ್ಯೂಮ್ ಸಮ ಇಟ್ಟರೆ ಹೋಗುತ್ತದೆ, ಒಂದನ್ನು ಇಳಿಸಿದರೆ ಮರಳುತ್ತದೆ. ಕರೆಂಟು ಹೋಗಿ ಸ್ಕ್ವೇರ್ ವೇವ್ ಇನ್ವರ್ಟರ್ ಓಡುವಾಗ ಸದ್ದು ಇನ್ನಷ್ಟು ಕರ್ಕಶ. ಆದ್ದರಿಂದ ಸಾವಿರಾರು ರೂಪಾಯಿಯ ನಾಯ್ಸ್ ಗೇಟ್ ಪೆಡಲ್ ಕೊಳ್ಳುವ ಮುನ್ನ ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಅರ್ಥಿಂಗ್ ನೋಡಿಸಿ. ಜೀವಕ್ಕೂ ಒಳ್ಳೆಯದು: ಒಂದು ಕೈ ತಂತಿಯ ಮೇಲೆ, ಬಾಯಿ ಮೈಕಿನ ಮೇಲೆ ಇರುವವರಿಗೆ ಅರ್ಥಿಂಗ್ ದೋಷ ಬರೀ ಸದ್ದಿನ ಪ್ರಶ್ನೆಯಲ್ಲ.

ಇನ್ನೊಂದು ಎಚ್ಚರಿಕೆ ಈ ಬಡಾವಣೆಗಳಿಗೇ ವಿಶೇಷವಾದದ್ದು. ಕ್ಯಾಲಿಫೋರ್ನಿಯಾದಿಂದಲೋ ಟೆಕ್ಸಾಸ್‌ನಿಂದಲೋ ಬರುವ ಅಣ್ಣ, ಅಕ್ಕ, ಭಾವ ವಾದ್ಯ ತರುವುದುಂಟು. ಬೇಸ್ ತಂದರೆ ತೊಂದರೆಯಿಲ್ಲ, ಪ್ಯಾಸಿವ್ ಬೇಸ್‌ಗೆ ಕರೆಂಟೇ ಬೇಡ, ಆಕ್ಟಿವ್‌ಗೆ 9 ವೋಲ್ಟ್ ಬ್ಯಾಟರಿ ಸಾಕು. ಆಂಪ್ಲಿಫೈಯರ್ ತಂದರೆ ಮಾತ್ರ ಹಿಂಬದಿಯ ಚೀಟಿ ಓದಿ. 120 ವೋಲ್ಟ್ ಮಾತ್ರ ಎಂದಿದ್ದರೆ ಅದನ್ನು ನಮ್ಮ 230ಕ್ಕೆ ಸಿಕ್ಕಿಸಿದ ಕ್ಷಣ ಅದರ ಆಯುಸ್ಸು ಮುಗಿದಂತೆ. ಬೇಕಾದ ವಾಟ್‌ನ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಎಸ್‌ಪಿ ರಸ್ತೆಯಲ್ಲಿ ವಿಚಾರಿಸಿ, ಅದು ಸಿಕ್ಕ ಮೇಲೆಯೇ ಸ್ವಿಚ್ ಹಾಕಿ.

ಆಂಪ್ಲಿಫೈಯರ್‌ನ ಪ್ರಶ್ನೆಯಲ್ಲಿ ನಮ್ಮ ಊರಿಗೆ ಹೊಂದದ ಆದರ್ಶವೊಂದು ಕೂತುಬಿಟ್ಟಿದೆ. ಅದು 1969ರ ಆಂಪೆಗ್ ಎಸ್‌ವಿಟಿ: 300 ವಾಟ್‌ನ ವಾಲ್ವ್ ಹೆಡ್, ಕೆಳಗೆ ಹತ್ತಿಂಚಿನ ಎಂಟು ಸ್ಪೀಕರ್. ಹೆಡ್ ಒಂದೇ 35 ಕಿಲೋ ಮೀರುತ್ತದೆ. ಅದನ್ನು ಕಟ್ಟಿದ್ದು ಇಡೀ ಕ್ರೀಡಾಂಗಣಕ್ಕೆ ಕೇಳಿಸಲೆಂದು. ಬನಶಂಕರಿಯ 30-40 ಸೈಟಿನ ಎರಡನೆಯ ಮಹಡಿಗೆ ಅದರಿಂದ ಆಗಬೇಕಾದ್ದೇನೂ ಇಲ್ಲ.

ಇಲ್ಲಿನ ಹುಡುಗರು ಅಭ್ಯಾಸ ಮಾಡುವ ಕೋಣೆ ಸಾಮಾನ್ಯವಾಗಿ ಹತ್ತಡಿ ಹನ್ನೆರಡಡಿ, ಚಾವಣಿಯೂ ಹತ್ತಡಿ. ಗಾಳಿಯಲ್ಲಿ ಸದ್ದಿನ ವೇಗ ಸೆಕೆಂಡಿಗೆ 343 ಮೀಟರ್. ಎದುರುಬದುರು ಗೋಡೆಗಳ ನಡುವೆ ಅರ್ಧ ತರಂಗ ಸರಿಯಾಗಿ ಹಿಡಿಸುವ ಸ್ವರ ಆ ಕೋಣೆಯಲ್ಲಿ ಮೊರೆಯುತ್ತದೆ. ಹನ್ನೆರಡಡಿಗೆ ಲೆಕ್ಕ ಹಾಕಿದರೆ ಸುಮಾರು 47 ಹರ್ಟ್ಸ್, ಅಂದರೆ ಬೇಸ್‌ನ ಎಫ್ ಶಾರ್ಪ್. ಹತ್ತಡಿಗೆ 56, ಅಂದರೆ ಬಿಡಿತಂತಿಯ ಎ ಸ್ವರದ ಪಕ್ಕ. ಅಗಲವೂ ಎತ್ತರವೂ ಹತ್ತಡಿಯೇ ಆದ್ದರಿಂದ ಎ ಸ್ವರಕ್ಕೆ ಎರಡು ಪಟ್ಟು ಮೊರೆತ. ಇಲ್ಲೊಂದು ಸೂಕ್ಷ್ಮವಿದೆ. ಈ ಮೊರೆತ ಗೋಡೆಯ ಬಳಿ ಗರಿಷ್ಠ, ಕೋಣೆಯ ನಟ್ಟನಡುವೆ ಕನಿಷ್ಠ. ನಡುವೆ ಕುರ್ಚಿ ಹಾಕಿಕೊಂಡು ನುಡಿಸುವವರಿಗೆ ಎ ಸ್ವರ ಕೇಳಿಸುವುದೇ ಇಲ್ಲ. ಆಂಪ್‌ಗೆ ಶಕ್ತಿ ಸಾಲದು ಎಂದುಕೊಂಡು ವಾಲ್ಯೂಮ್ ಏರಿಸುತ್ತಾರೆ. ಗೋಡೆಯಾಚೆ ಮಲಗಿರುವ ಪಕ್ಕದ ಮನೆಯ ಅಜ್ಜನಿಗೆ ಅದು ಎದೆಗೆ ಬಡಿದಂತೆ ಕೇಳಿಸುತ್ತದೆ. ಹೊಸ ಆಂಪ್ ಕೊಂಡರೂ ಇದು ಹೋಗುವುದಿಲ್ಲ, ಕುರ್ಚಿ ಸರಿಸಿದರೆ ಹೋಗುತ್ತದೆ. ಆಂಪನ್ನು ಮೂಲೆಯಿಂದ ಎರಡು ಮೂರು ಅಡಿ ಈಚೆ ಇಡಿ, ನೆಲದಿಂದ ಎತ್ತರಿಸಿ ದಪ್ಪ ಫೋಮ್ ಮೇಲೆ ಕೂರಿಸಿ, ಏಕೆಂದರೆ ಆರ್‌ಸಿಸಿ ನೆಲ ಆ ಕಂಪನವನ್ನು ಕೆಳಗಿನ ಮನೆಯವರೆಗೆ ಒಯ್ಯುತ್ತದೆ. ಗೋಡೆಗೆ ಮೊಟ್ಟೆಯ ಟ್ರೇ, ಥರ್ಮೋಕೋಲ್ ಅಂಟಿಸುವುದು ವ್ಯರ್ಥ. 41 ಹರ್ಟ್ಸ್‌ನ ತರಂಗ ಎಂಟು ಮೀಟರ್ ಉದ್ದದ್ದು, ಅದು ಟ್ರೇಯನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ.

ಪಕ್ಕದ ಮನೆಯವರ ದೂರನ್ನು ಹಗುರವಾಗಿ ಕಾಣುವುದೂ ಸರಿಯಲ್ಲ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45 ಮಿತಿ. ಈ ಅಳತೆ ಮನುಷ್ಯನ ಕಿವಿಗೆ ಹೊಂದಿಸಿದ ‘ಎ’ ಮಾಪನದ್ದು. 40 ಹರ್ಟ್ಸ್ ಸುತ್ತಿನ ಸದ್ದಿನಿಂದ ಅದು ಸುಮಾರು 35 ಡೆಸಿಬಲ್ ಕಳೆದು ತೋರಿಸುತ್ತದೆ. ಮೀಟರ್ ಸುಮ್ಮನಿದ್ದರೂ ಪಕ್ಕದ ಮನೆಯ ಕಿಟಕಿಯ ಗಾಜು ನಡುಗುತ್ತಿರಬಹುದು. ನಿಯಮ ನಮ್ಮ ಪರವಾಗಿದೆ ಎಂದು ವಾದಕ್ಕಿಳಿಯದೆ ರಾತ್ರಿ ಹೆಡ್‌ಫೋನ್ ಹಾಕಿಕೊಳ್ಳುವುದು ಮರ್ಯಾದೆ. ಬೇಸ್‌ಗೇ ನೇರವಾಗಿ ಸಿಕ್ಕಿಸುವ ಬೆರಳುದ್ದದ ಹೆಡ್‌ಫೋನ್ ಆಂಪ್‌ಗಳು ಈಗ ಕೆಲವೇ ಸಾವಿರಕ್ಕೆ ಸಿಗುತ್ತವೆ. ಬಿಟಿಎಂನ ಪಿಜಿಗಳಲ್ಲಿ ಇರುವವರಿಗೆ ಅದೇ ಮೊದಲ ಆಂಪ್ಲಿಫೈಯರ್ ಆಗಲಿ.

ಮನೆಯಲ್ಲೂ ಚಿಕ್ಕ ವೇದಿಕೆಯಲ್ಲೂ ಸಲ್ಲುವಂಥ ಆಂಪ್ ಬೇಕೆಂದರೆ 100 ವಾಟ್ ಆಸುಪಾಸಿನ, ಹನ್ನೆರಡಿಂಚು ಸ್ಪೀಕರಿನ ಕಾಂಬೋ ಸಾಕು. ವಾಟ್ ಇಮ್ಮಡಿಯಾದರೆ ಏರುವುದು ಮೂರೇ ಡೆಸಿಬಲ್. ಕಿವಿಗೆ ಎರಡು ಪಟ್ಟು ಜೋರು ಅನ್ನಿಸಬೇಕಾದರೆ ವಾಟ್ ಹತ್ತು ಪಟ್ಟಾಗಬೇಕು. 50 ಬಿಟ್ಟು 100ಕ್ಕೆ ಹೋದೆ ಎಂದು ಹಿಗ್ಗುವಂಥದ್ದೇನೂ ಇಲ್ಲ. ಅಷ್ಟೇ ದುಡ್ಡಿನಲ್ಲಿ ಮೂರು ಡೆಸಿಬಲ್ ಹೆಚ್ಚು ಸಂವೇದನೆಯ ಸ್ಪೀಕರ್ ಸಿಕ್ಕರೆ ಫಲ ಒಂದೇ. ಡ್ರಮ್ಸ್ ಇರುವ ತಂಡಕ್ಕೆ 300 ವಾಟ್ ಬೇಕಾಗಬಹುದು. ಅದಕ್ಕೆ ಕ್ಲಾಸ್ ಡಿ ಹೆಡ್‌ಗಳಿವೆ, ಮೂರು ಕಿಲೋ ಒಳಗೆ. ಬೆನ್ನಿಗೆ ಬೇಸ್, ಕೈಚೀಲದಲ್ಲಿ ಹೆಡ್ ಹಾಕಿಕೊಂಡು 2025ರ ಆಗಸ್ಟ್‌ನಲ್ಲಿ ಶುರುವಾದ ಮೆಟ್ರೋ ಹಳದಿ ಮಾರ್ಗವನ್ನು ಬಿಟಿಎಂನಲ್ಲಿ ಹತ್ತಿ, ಆರ್‌ವಿ ರಸ್ತೆಯಲ್ಲಿ ಹಸಿರು ಮಾರ್ಗಕ್ಕೆ ಬದಲಿಸುವಷ್ಟು ಹಗುರ. ವಾಲ್ವ್ ಆಂಪ್‌ನ ದನಿಯ ಸೊಗಸನ್ನು ನಾನು ಅಲ್ಲಗಳೆಯುವುದಿಲ್ಲ. ಆಟೋ ಹತ್ತದ ಆಂಪ್ ಮನೆಯಲ್ಲೇ ಉಳಿಯುತ್ತದೆ ಎಂಬುದಷ್ಟೇ ನನ್ನ ತಕರಾರು.

ವೇದಿಕೆಯ ಮಾತು ಚುಟುಕಾಗಿ. ಗಣೇಶೋತ್ಸವದ ಪೆಂಡಾಲಿನಲ್ಲಿ, ನವೆಂಬರಿನ ರಾಜ್ಯೋತ್ಸವದಲ್ಲಿ, ಬಿಎಂಎಸ್‌ನ ‘ಉತ್ಸವ್’ ಆರ್‌ವಿಯ ‘8ತ್ ಮೈಲ್’ನಂಥ ಕಾಲೇಜು ಉತ್ಸವಗಳಲ್ಲಿ ನಿಮ್ಮ ಆಂಪ್‌ಗಿಂತ ಸೌಂಡ್ ಸರ್ವಿಸ್‌ನವರ ಬಾಕ್ಸ್‌ಗಳೇ ಜನಕ್ಕೆ ಕೇಳಿಸುವುದು. ಹಾಗಾಗಿ ಬೇಸ್‌ನ ಸದ್ದನ್ನು ನೇರವಾಗಿ ಅವರ ಮಿಕ್ಸರಿಗೆ ಕಳಿಸುವ ಡಿಐ ಔಟ್ ಇರುವ ಆಂಪ್, ಇಲ್ಲವೇ ಪ್ರತ್ಯೇಕ ಡಿಐ ಬಾಕ್ಸ್ ಕಡ್ಡಾಯ. ಬೇಸ್ ನಾಬ್ ಪೂರ್ತಿ ಏರಿಸಿ ಮಿಡ್ ಇಳಿಸುವ ಚಾಳಿ ಬಿಡಬೇಕು. 41 ಹರ್ಟ್ಸ್ ಪೆಂಡಾಲಿನ ಕಾಲಂ ಸ್ಪೀಕರಿನಲ್ಲೂ ಬರುವುದಿಲ್ಲ, ಮೊಬೈಲಿನಲ್ಲೂ ಬರುವುದಿಲ್ಲ. ಆದರೂ ನಮ್ಮ ಕಿವಿ 82, 123ರ ಮೇಲುಕಂಪನಗಳನ್ನು ಹಿಡಿದು ಕೆಳಸ್ವರವನ್ನು ತಾನೇ ಕಟ್ಟಿಕೊಳ್ಳುತ್ತದೆ. ಎಂಬತ್ತರ ದಶಕದ ಟೂ-ಇನ್-ಒನ್ ಟೇಪ್ ರೆಕಾರ್ಡರಿನ ಪುಟ್ಟ ಸ್ಪೀಕರಿನಲ್ಲೂ ‘ಗೀತಾ’ ಚಿತ್ರದ ಬೇಸ್ ನಮಗೆ ಕೇಳಿಸಿದ್ದು ಹೀಗೆ. ಮಿಡ್ ತೆಗೆದರೆ ಆ ಸುಳಿವೂ ಹೋಗುತ್ತದೆ, ಉಳಿಯುವುದು ಗುಡುಗುಡು.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಈ ಭಾಗ ಒಳ್ಳೆಯ ಜಾಗ. ವಿದೇಶಕ್ಕೆ ಹೊರಟ ಸಾಫ್ಟ್‌ವೇರ್ ಉದ್ಯೋಗಿಗಳು ಹೆಚ್ಚು ನುಡಿಸದ ಒಳ್ಳೆಯ ಬೇಸ್‌ಗಳನ್ನು ಮಾರಿ ಹೋಗುತ್ತಾರೆ. ಮಾಲೀಕರ ಎದುರಿಗೇ ಟ್ರಸ್ ರಾಡ್ ಎರಡೂ ಕಡೆ ತಿರುಗುತ್ತದೆಯೇ ನೋಡಿ. ತಲೆಯ ಕಡೆಯಿಂದ ಒಂದು ಕಣ್ಣು ಮುಚ್ಚಿ ನೆಕ್ ತಿರುಚಿಲ್ಲವೇ ಪರೀಕ್ಷಿಸಿ. ನಾಬ್ ಕರಕರ ಎಂದರೆ ಹೆದರಬೇಡಿ, ನೂರಿನ್ನೂರು ರೂಪಾಯಿಯ ಭಾಗ ಅದು. ನೆಕ್ ತಿರುಚಿದ್ದರೆ ಎಷ್ಟೇ ಅಗ್ಗವಾದರೂ ಎದ್ದು ಬನ್ನಿ.

ಒಟ್ಟು ಹಣ ನಲವತ್ತು ಸಾವಿರ ಎಂದಿಟ್ಟುಕೊಂಡರೆ ನಾನು ಹಂಚುವುದು ಹೀಗೆ: ಅರ್ಧ ವಾದ್ಯಕ್ಕೆ, ಉಳಿದ ಅರ್ಧದಲ್ಲಿ ಮೊದಲು ಸೆಟಪ್, ತಂತಿ, ಹೆಡ್‌ಫೋನ್ ಆಂಪ್, ಅರ್ಥಿಂಗ್, ಮಿಕ್ಕದ್ದರಲ್ಲಿ ಕಾಂಬೋ. ನಾಲ್ಕು ತಂತಿ, ಪ್ಯಾಸಿವ್, ಕೈಗೆ ತಕ್ಕ ನೆಕ್.

ವಾದ್ಯದಂಗಡಿಯವರಲ್ಲಿ ಒಂದು ಕೋರಿಕೆ: ಬೆಲೆಯ ಚೀಟಿಯ ಜೊತೆಗೆ ಪ್ರತಿ ಬೇಸ್‌ಗೂ ತಂತಿಯ ಉದ್ದ, ನಟ್ ಅಗಲ, ತಂತಿ ಅಂತರ, ತೂಕ ಇವು ನಾಲ್ಕನ್ನೂ ಕನ್ನಡದಲ್ಲಿ ಬರೆದು ತೂಗುಹಾಕಿ. ಕಲಿಸುವ ಶಾಲೆಗಳವರು ಒಂದಾದರೂ 30 ಇಂಚಿನ ಬೇಸ್ ಇಟ್ಟುಕೊಳ್ಳಿ. ಬೆರಳು ಎಟುಕದೆ ಮೊದಲ ತಿಂಗಳಲ್ಲೇ ಬಿಟ್ಟುಹೋಗುವ ಮಕ್ಕಳಲ್ಲಿ ಎಷ್ಟೋ ಮಂದಿಗೆ ಬೇಕಿದ್ದದ್ದು ಅದೊಂದೇ.